ಮೂರನೆಯ ಕಂಬ

ನಿಮ್ಮವ್ವ ಆಫೀಸಿನ ಫೋನು ತಂದು ನನ್ನ ಕೈಗೆ ಕೊಡುವ ಮೊದಲು ನಿಮ್ಮಿಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕುತ್ತಾಳೆ. ಯಾಕೆ ಎಂದು ಮೊನ್ನೆ ಕೇಳಿದಿರಿ. "ಆಡಾಕ ಹೋಗ್ರಿ" ಎಂದು ನಾನು ಮಾತು ತಪ್ಪಿಸಿದೆ. ಎದುರಿಗೆ ಕುಳಿತು ಹೇಳುವುದು ನನ್ನಿಂದ ಆಗುವುದಿಲ್ಲ. ಅದಕ್ಕೆ ಮೊಮ್ಮಕ್ಕಳಾದ ನಿಮಗೆ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ತೆಲುಗು ಸೀಮೆಯ ಗಡಿಯಲ್ಲಿ, ನಾರಾಯಣಖೇಡದಿಂದ ಆಚೆ, ಕಲ್ಹೇರ್ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿನ ಕನ್ನಡ ಶಾಲೆಯಲ್ಲಿ ಏಳನೆಯ ತನಕ ಓದಿದೆ. ಮಾಸ್ತರರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಎದ್ದು ನಿಂತು ಹೇಳುತ್ತಿರಲಿಲ್ಲ. ಪಾಟಿಯ ಮೇಲೆ ಬರೆದು ಎತ್ತಿ ಹಿಡಿಯುತ್ತಿದ್ದೆ. "ಬಾಯಾಗ ಬೆಲ್ಲ ಇಟ್ಕೊಂಡು ಬಂದೀಯೇನವ್ವಾ?" ಎಂದು ಅವರು ನಗುತ್ತಿದ್ದರು. ಆಮೇಲೆ ಪಾಟಿ ನೋಡಿ "ಸರಿ ಅದ" ಎನ್ನುತ್ತಿದ್ದರು. ಮದುವೆಯಾಗಿ ಬಶೀರಾಬಾದ್ ಕಡೆಯ ಊರಿಗೆ ಹೋದೆ. ಬಹಳ ವರ್ಷಗಳ ಮೇಲೆ ನಿಮ್ಮಪ್ಪನ ಕೆಲಸದ ಸಲುವಾಗಿ ಎಲ್ಲರೂ ಜಹೀರಾಬಾದಿಗೆ ಬಂದೆವು. ಊರು ಬದಲಾಯಿತು, ನನ್ನ ಸ್ವಭಾವ ಬದಲಾಗಲಿಲ್ಲ.

ನಿಮ್ಮವ್ವ ಕೆಲಸ ಮಾಡುವ ಆಫೀಸು ಬೀಜ ಗೊಬ್ಬರದ ಅಂಗಡಿಯ ಮೇಲಿನ ಮೂರು ಕೋಣೆಗಳಲ್ಲಿದೆ. ಏಳು ಮಂದಿ ಇದ್ದಾರೆ. ಅವರು ಮಾಡಿದ್ದು ಫೋನಿನಲ್ಲಿ ಕಾಳು ಒಕ್ಕುವ ರಾಶಿ ಮಷೀನು ಕರೆಸುವ ಆ್ಯಪ್. ಸೋಯಾ ಆಗಲಿ, ತೊಗರಿ ಆಗಲಿ, ಕೊಯ್ದು ಹೊಲದಲ್ಲಿ ಗುಂಪು ಹಾಕಿದ ಮೇಲೆ ಮಷೀನು ಸಿಗದೆ ಮೋಡ ಕಟ್ಟಿದರೆ ಏನಾಗುತ್ತದೆ ಎಂದು ರಾಶಿ ಮಾಡಿದವರಿಗೆ ಗೊತ್ತು. ತಾಂಡೂರಿನ ಮಷೀನು ಖಾಲಿ ನಿಂತಿರುತ್ತದೆ, ಇತ್ತ ಬಶೀರಾಬಾದಿನ ಹೊಲದಲ್ಲಿ ಬೆಳೆ ಕಾಯುತ್ತಿರುತ್ತದೆ. ಇವೆರಡನ್ನೂ ಕೂಡಿಸುವುದು ಆ ಆ್ಯಪಿನ ಕೆಲಸ.

ನಿಮ್ಮವ್ವ ಆ್ಯಪ್ ಕಟ್ಟುವವಳಲ್ಲ. ಅವಳ ಕೆಲಸ ನೋಡುವುದು. ಆ್ಯಪ್ ತೆರೆದವರು ಯಾವ ಹಂತದ ತನಕ ಬಂದರು, ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು, ಎಲ್ಲಿಂದ ತಿರುಗಿ ಹೋದರು ಎಂಬುದೆಲ್ಲ ಅವಳ ಲ್ಯಾಪ್‌ಟಾಪಿಗೆ ಬಂದು ಬೀಳುತ್ತದೆ. ಅದನ್ನು ಜೋಡಿಸಿ ಎಲ್ಲಿ ತಿದ್ದಬೇಕು ಎಂದು ಹೇಳುವವಳು ಅವಳು. ನನಗೆ ತಿಳಿಯಲೆಂದು ಒಮ್ಮೆ ಹೇಳಿದಳು:

"ಕೆಸರಿನಾಗ ಹೆಜ್ಜಿ ನೋಡಿ ಯಾವ ದನಾ ಯಾಕಡೆ ಹೋಗ್ಯಾದ ಅಂತ ನೀವು ಹೇಳ್ತೀರಿಲ್ಲ ಅತ್ತಿ, ಹಂಗ ಇದು. ನನಗ ಮಂದಿ ಕಾಣಂಗಿಲ್ಲ. ಹೆಜ್ಜಿ ಕಾಣ್ತಾವ."

ಆ್ಯಪಿನಲ್ಲಿ ತೆಲುಗು ಇತ್ತು. ಅದರಲ್ಲಿ ಬೆರಳಿನಿಂದ ಅಕ್ಷರ ಒತ್ತಿ ಬರೆಯಬೇಕು. ಕನ್ನಡವನ್ನು ಬೇರೆ ಥರ ಮಾಡಿದರು. ನಮ್ಮ ಗಡಿಯ ಹಳ್ಳಿಗಳ ಹೆಂಗಸರು ಮನೆಯಲ್ಲಿ ಕನ್ನಡ ಆಡುತ್ತಾರೆ, ಆದರೆ ಕನ್ನಡ ಅಕ್ಷರ ಕಲಿತವರು ಕಡಿಮೆ. ಆದ್ದರಿಂದ ಕನ್ನಡದಲ್ಲಿ ಎಲ್ಲವೂ ಮಾತು. ಫೋನು ಕೇಳುತ್ತದೆ, ನಾವು ಬಾಯಿಂದ ಉತ್ತರ ಹೇಳಬೇಕು. ಮೊದಲು ಹೈದರಾಬಾದಿನಲ್ಲಿ ಯಾರದೋ ದನಿ ತುಂಬಿಸಿ ತಂದರು. ಮೊದಲ ವಾಕ್ಯ ಮುಗಿಯುವ ಮುಂಚೆಯೇ ಹೆಂಗಸರು ಫೋನು ಮುಚ್ಚುತ್ತಿದ್ದರಂತೆ. ಅದೂ ನಿಮ್ಮವ್ವನ ಲೆಕ್ಕದಲ್ಲೇ ಕಂಡದ್ದು. "ಮಾತು ನಮ್ಮ ಕಡೀದು ಅಲ್ಲ, ಅದಕ್ಕ ಓಡಿ ಹೋಗ್ತಾರ" ಎಂದು ಅವಳು ಆಫೀಸಿನಲ್ಲಿ ಹೇಳಿದಳು. ಮನೆಗೆ ಬಂದು ನನ್ನನ್ನು ನೋಡಿದಳು. ಆ ನೋಟ ನನಗೆ ಆಗಲೇ ಹೆದರಿಕೆ ತಂದಿತ್ತು.

"ನಾನಾ? ಬ್ಯಾಡವ್ವ. ನಾಕು ಮಂದಿ ಮುಂದ ನನ್ನ ಗಂಟಲೇ ಏಳಂಗಿಲ್ಲ."

"ನಾಕು ಮಂದಿ ಯಾರಿರ್ತಾರ್ರಿ? ನೀವು, ನಾನು, ಮೈಕು. ನಾನೂ ಬ್ಯಾಡಂದ್ರ ಹೊರಗ ನಿಂದ್ರತೀನಿ."

ಸಾಮಾನು ಇಡುವ ಕೋಣೆಯ ಗೋಡೆಗೆ ಕೌದಿ ತೂಗುಹಾಕಿ ದನಿ ಮಾರ್ದನಿಸದಂತೆ ಮಾಡಿದರು. ಕೌದಿಗಳು ನಾನೇ ಹೊಲಿದವು. ನಿಮ್ಮ ಹಳೆಯ ಅಂಗಿಗಳೂ ನನ್ನ ಹಳೆಯ ಸೀರೆಗಳೂ ಅದರಲ್ಲಿದ್ದವು. ಅವುಗಳ ನಡುವೆ ಕುಳಿತಾಗ ಮಾತು ಬಂತು. ನಿಮ್ಮವ್ವ ಬರೆದುಕೊಟ್ಟ ವಾಕ್ಯಗಳನ್ನು ಪಕ್ಕದ ಮನೆಯವಳಿಗೆ ಹೇಳುವಂತೆ ಹೇಳಿದೆ. "ಯಾವ ಊರ್ರಿ ನಿಮ್ದು?" "ಏನು ರಾಶಿ ಮಾಡೋದದ?" ಮೂರನೆಯದು, "ಪಟ್ಟಾ ಪಾಸ್‌ಬುಕ್ಕಿನಾಗ ಇರೋ ಯಜಮಾನರ ಹೆಸರು ಹೇಳ್ರಿ." ನಾಲ್ಕನೆಯದು, "ಯಾವತ್ತು ಮಷೀನು ಬೇಕ್ರಿ?"

ನೀವು ನಂಬುವುದಿಲ್ಲ, ಆ ಮೂರನೆಯ ವಾಕ್ಯ ಹೇಳುವಾಗ ನನಗೆ ಏನೂ ಅನಿಸಲಿಲ್ಲ. ಕೇಳುವವಳು ನಾನಾಗಿದ್ದೆ, ಉತ್ತರ ಹೇಳಬೇಕಾದವಳು ನಾನಾಗಿರಲಿಲ್ಲ.

ಒಂದು ವಾರದ ಮೇಲೆ ನಿಮ್ಮವ್ವ ಆ್ಯಪ್ ತುಂಬಿದ ಫೋನು ತಂದಳು. "ಅತ್ತಿ, ನೀವೊಬ್ಬರೇ ಮೊದಲಿಂದ ಕಡೀತನಕ ಮಾಡ್ರಿ. ನಾ ಹೇಳಿಕೊಡಂಗಿಲ್ಲ, ನೋಡಂಗೂ ಇಲ್ಲ" ಎಂದು ಅಡುಗೆಮನೆಗೆ ಹೋದಳು. ಊರು ಹೇಳಿದೆ, ಸೋಯಾ ಎಂದು ಹೇಳಿದೆ. ಆಮೇಲೆ ನನ್ನ ದನಿಯೇ ನನ್ನನ್ನು ಕೇಳಿತು: ಪಾಸ್‌ಬುಕ್ಕಿನಲ್ಲಿ ಇರುವ ಯಜಮಾನರ ಹೆಸರು ಹೇಳ್ರಿ.

ಹೊಲದ ಪಾಸ್‌ಬುಕ್ಕಿನಲ್ಲಿ ಇನ್ನೂ ನಮ್ಮ ಯಜಮಾನರ, ನಿಮ್ಮ ಮುತ್ಯಾನ ಹೆಸರೇ ಇತ್ತು. ಅವರೊಂದಿಗೆ ಬಾಳಿದಷ್ಟು ವರ್ಷವೂ ನಾನು ಅವರ ಹೆಸರು ಬಾಯಲ್ಲಿ ತಂದಿಲ್ಲ. ನಮ್ಮವ್ವ ತನ್ನ ಗಂಡನ ಹೆಸರು ತಂದಿರಲಿಲ್ಲ, ನಮ್ಮತ್ತೆಯೂ ತಂದಿರಲಿಲ್ಲ. "ಇವರು", "ಮನಿಯವರು" ಎಂದರೆ ಸಾಕಾಗಿತ್ತು. ಅವರು ತೀರಿಕೊಂಡ ಮೇಲೆ ದವಾಖಾನೆಯ ಚೀಟಿ ಬರೆಯುವವನು ಕೇಳಿದಾಗಲೂ ನಾನು ಹಳೆಯ ಚೀಟಿಯ ಮೇಲೆ ಬೆರಳಿಟ್ಟು ತೋರಿಸಿದ್ದೆ. ಫೋನು ಸ್ವಲ್ಪ ಹೊತ್ತು ಕಾಯಿತು. ಆಮೇಲೆ "ಕೇಳಿಸ್ಲಿಲ್ರಿ, ಇನ್ನೊಮ್ಮೆ ಹೇಳ್ರಿ" ಎಂದು ನನ್ನದೇ ದನಿ ನನಗೆ ಹೇಳಿತು.

ಅಷ್ಟರಲ್ಲಿ ಶಾಲೆಯಿಂದ ನಿಮ್ಮಲ್ಲಿ ದೊಡ್ಡಾಕೆ ಬಂದಳು, ಬ್ಯಾಗು ಇನ್ನೂ ಬೆನ್ನ ಮೇಲಿತ್ತು. ನಾನು ಫೋನು ಅವಳ ಬಾಯಿಯ ಹತ್ತಿರ ಹಿಡಿದೆ. "ಮುತ್ಯಾನ ಹೆಸರು ಹೇಳವ್ವ" ಎಂದೆ. ಶಾಲೆಯಲ್ಲಿ ಹಾಜರಿ ಕೂಗುವ ಹಾಗೆ ಪೂರ್ತಿ ಹೆಸರು ಕೂಗಿ, ನೀರು ಕುಡಿಯಲು ಓಡಿ ಹೋದಳು. ಫೋನು ಮುಂದಿನ ಪ್ರಶ್ನೆಗೆ ಹೋಯಿತು.

"ಆತೇನ್ರಿ ಅತ್ತಿ?" ಅಡುಗೆಮನೆಯಿಂದ ನಿಮ್ಮವ್ವ ಕೇಳಿದಳು.

"ಆತು."

"ಎಲ್ಲ್ಯಾರೆ ತೊಡಕ ಬಂತೇನು?"

"ಏನೂ ಇಲ್ಲ."

ಅವಳು ತನ್ನ ಕಾಗದದಲ್ಲಿ ಬರೆದುಕೊಂಡಳು: ವಯಸ್ಸಾದ ಹೆಣ್ಣುಮಗಳು, ಒಬ್ಬಳೇ, ಕನ್ನಡದಲ್ಲಿ, ತೊಂದರೆ ಇಲ್ಲದೆ ಮುಗಿಸಿದಳು. ಬರೆದದ್ದನ್ನು ಸಂತೋಷದಿಂದ ನನಗೇ ಓದಿ ಹೇಳಿದಳು. ಒಂದು ಸಣ್ಣ ಸುಳ್ಳು ಎಂದು ನಾನು ಸುಮ್ಮನಾದೆ.

ಸೋಯಾ ರಾಶಿ ಶುರುವಾಯಿತು, ದಸರಾ ಬಂತು, ಹೋಯಿತು. ಸೋಯಾ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ರೊಟ್ಟಿ ತಟ್ಟುತ್ತಿದ್ದಾಗ ನಿಮ್ಮವ್ವ ಎರಡು ಕಾಗದ ತಂದು ನೆಲದ ಮೇಲೆ ಹಾಸಿದಳು. ಒಂದೊಂದರಲ್ಲೂ ನಾಲ್ಕು ನೀಲಿ ಕಂಬಗಳಿದ್ದವು.

"ಇದು ತೆಲುಗು. ಮೊದಲ ಕಂಬ ಮೊದಲ ಹಂತ ದಾಟಿದವರದು, ಎರಡನೇದು ಎರಡನೇ ಹಂತ ದಾಟಿದವರದು. ಮೆಟ್ಟಿಲಿನಂಗ ಸಣ್ಣಾಗಿ ಇಳದಾವ. ಈಗ ಕನ್ನಡದ್ದು ನೋಡ್ರಿ."

ಕನ್ನಡದ ಮೊದಲ ಎರಡು ಕಂಬ ತೆಲುಗಿನಷ್ಟೇ ಎತ್ತರ ಇದ್ದವು. ಮೂರನೆಯದು ಕುಸಿದು ಬಿದ್ದಿತ್ತು. ನಾಲ್ಕನೆಯದು ಅದರ ಪಕ್ಕ ಕುಳಿತ ಮೋಟು ಗೂಟದಂತಿತ್ತು.

"ಮೂರನೇದ್ರಾಗ ಏನದ?" ಎಂದು ಕೇಳಿದೆ. ಗೊತ್ತಿದ್ದೇ ಕೇಳಿದೆ.

"ಯಜಮಾನರ ಹೆಸರು. ಅಲ್ಲಿ ಬಂದು ಸುಮ್ಮಗ ನಿಂದ್ರತಾರ ಅತ್ತಿ. ಫೋನು ಮತ್ತೊಮ್ಮೆ ಕೇಳ್ತದ. ಮತ್ತ ಸುಮ್ಮಗ. ಆಮ್ಯಾಲ ಮುಚ್ಚಿಬಿಡ್ತಾರ. ಮಾತು ಆಡಿ ತಪ್ಪಿದ್ರ ಒಂದು ಥರ. ಇವರು ಮಾತೇ ಆಡಂಗಿಲ್ಲ."

ಕಾವಲಿಯ ಮೇಲಿನ ರೊಟ್ಟಿ ಕರ್ರಗಾಯಿತು. ನಿಮ್ಮವ್ವ ಅದನ್ನು ತಿರುಗಿಸಿ ಹಾಕಿದಳು, ನನಗೆ ಕಂಡಿರಲಿಲ್ಲ.

ಅವಳಿಗೆ ಯಾಕೆ ಹೊಳೆಯಲಿಲ್ಲ ಎಂದು ನೀವು ಕೇಳಬಹುದು. ಅವಳು ಜಹೀರಾಬಾದಿನಲ್ಲೇ ಹುಟ್ಟಿ ಬೆಳೆದವಳು. ನಿಮ್ಮಪ್ಪನನ್ನು ಹೆಸರು ಹಿಡಿದೇ ಕರೆಯುತ್ತಾಳೆ, ಸಿಟ್ಟು ಬಂದಾಗ ಇನ್ನೂ ಜೋರಾಗಿ. ಆಫೀಸಿನಲ್ಲಿ ಉಳಿದವರೆಲ್ಲ ಗಂಡಸರು. ಹೇಳಬೇಕಾದವಳು ನಾನೊಬ್ಬಳೇ. ಹೇಳಿದರೆ ಅವಳು ಬರೆದ ಆ ಸಾಲು ಸುಳ್ಳಾಗುತ್ತಿತ್ತು. ಅಷ್ಟು ಹೊತ್ತಿಗೆ ಅದೇ ಸಾಲು ಅವಳ ಆಸರೆಯಾಗಿತ್ತು. ಆಫೀಸಿನ ಇಂಜಿನಿಯರು, ತಾಂಡೂರಿನವನು, ಕನ್ನಡದ ಪ್ರಶ್ನೆಗಳೇ ಸರಿಯಿಲ್ಲ ಎಂದಾಗ ಅವಳು "ನಮ್ಮ ಅತ್ತೀನೇ ಒಬ್ಬರೇ ಮಾಡ್ಯಾರ, ಏನೂ ತೊಡಕ ಬಂದಿಲ್ಲ" ಎಂದು ವಾದಿಸಿ ಬಂದಿದ್ದಳು.

ಆಫೀಸಿನ ಮಾಲಕರು ಕೆಟ್ಟವರಲ್ಲ, ಆದರೆ ಕಂಬ ಬಿದ್ದದ್ದನ್ನು ಬಿಟ್ಟು ಬೇರೆ ನೋಡುವವರಲ್ಲ. ತೊಗರಿ ರಾಶಿ ಶುರುವಾಗುವುದಕ್ಕೆ ಮುಂಚೆ ಕನ್ನಡ ತೆಗೆಯೋಣ, ಎಲ್ಲರಿಗೂ ತೆಲುಗು ಬರುತ್ತದಲ್ಲ ಎಂದು ಅವರು ಹೇಳಿದ್ದರು. ನಿಮ್ಮವ್ವನನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ಕನ್ನಡದ ಕಡೆ ನೋಡಲಿಕ್ಕೆ. ಕನ್ನಡ ಹೋದರೆ ಅವಳ ಕುರ್ಚಿಯೂ ಹೋಗುತ್ತಿತ್ತು. ಅದನ್ನು ಅವಳು ನನಗೆ ಹೇಳಲಿಲ್ಲ. ನಿಮ್ಮಪ್ಪನಿಗೆ ಹೇಳುವಾಗ ನಾನು ಕೇಳಿಸಿಕೊಂಡೆ.

ಇನ್ನೊಂದು ವಿಷಯವನ್ನೂ ಅವಳು ಕಂಡುಹಿಡಿದಿದ್ದಳು. ಮೂರನೆಯ ಹಂತ ದಾಟಿದ ಸ್ವಲ್ಪ ಮಂದಿಯಲ್ಲಿ ಹೆಚ್ಚಿನವರು ಸಾಯಂಕಾಲ ದಾಟಿದ್ದರು. ಮುಂಜಾನೆಯಿಂದ ಮಧ್ಯಾಹ್ನದ ತನಕ ಬಹಳ ಕಡಿಮೆ. "ಸಂಜಿಗಿ ಗಂಡಸರು ಹೊಲದಿಂದ ಬರ್ತಾರ, ಅವರು ಮಾಡ್ತಾರ. ಗಂಡಸರಿಗಿ ತೆಲುಗು ಬರ್ತದ" ಎಂದು ಮಾಲಕರು ಅದಕ್ಕೂ ಉತ್ತರ ಕೊಟ್ಟಿದ್ದರಂತೆ. ನನಗೆ ಮಾತ್ರ ಬೆನ್ನ ಮೇಲೆ ಬ್ಯಾಗು ಹೊತ್ತ ಮಗು ಕಂಡಿತು. ಹೇಳಿಬಿಡಬೇಕೆಂದು ಆ ದಿನ "ಏ ತಾಯಿ" ಎಂದು ನಿಮ್ಮವ್ವನನ್ನು ಕರೆದೆ. "ಏನ್ರಿ ಅತ್ತಿ?" ಎಂದು ತಿರುಗಿದಳು. "ಉಪ್ಪು ತೀರ್ಯಾದ" ಎಂದೆ. ಡಬ್ಬಿ ತುಂಬ ಉಪ್ಪಿತ್ತು.

ಮೈಕಿನಲ್ಲೇ ತಪ್ಪಿರಬಹುದು, ಫೋನಿಗೆ ಮಾತು ತಿಳಿಯುತ್ತದೋ ಇಲ್ಲವೋ ನೋಡೋಣ ಎಂದು, ಕಡೆಯ ಪ್ರಯತ್ನವಾಗಿ ಒಂದು ಭಾನುವಾರ ಬಶೀರಾಬಾದ್ ಕಡೆಯ ಹಳ್ಳಿಗೆ ಹೋದರು. ಹೆಂಗಸರು ಸಲೀಸಾಗಿ ಮಾತಾಡಲಿ ಎಂದು ನನ್ನನ್ನೂ ಕರೆದೊಯ್ದರು. ಇಂಜಿನಿಯರು ಒಂದು ಮನೆಯ ಕಟ್ಟೆಯ ಮೇಲೆ ಕುಳಿತು, ನನ್ನ ವಯಸ್ಸಿನ ಒಬ್ಬಾಕೆಯ ಕೈಗೆ ಫೋನು ಕೊಟ್ಟ. ಊರು ಹೇಳಿದಳು. ತೊಗರಿ ಎಂದಳು. ಮೂರನೆಯದಕ್ಕೆ ಬಂದಾಗ ಫೋನನ್ನು ಪಕ್ಕದಲ್ಲಿದ್ದ ಮೊಮ್ಮಗಳ ಬಾಯಿಗೆ ಹಿಡಿದಳು. ಆ ಹುಡುಗಿ ಹೇಳಿದಳು, ಫೋನು ಮುಂದಕ್ಕೆ ಹೋಯಿತು.

"ಮಕ್ಕಳಿಗಿ ಫೋನು ಅಂದ್ರ ಸಾಕು" ಎಂದು ಇಂಜಿನಿಯರು ನಕ್ಕು, ಫೋನು ಸರಿಯಿದೆ ಎಂದು ಬರೆದುಕೊಂಡ. ನಿಮ್ಮವ್ವ ಮುಂದಿನ ಮನೆಗೆ ಹೊರಟಳು. ನಾನು ನೀರು ಬೇಕೆಂದು ಹಿಂದೆ ಉಳಿದೆ. ಆಕೆ ಚೊಂಬು ಕೊಟ್ಟು ನನ್ನ ಹತ್ತಿರ ಬಗ್ಗಿದಳು.

"ಅಕ್ಕಾ, ಆ ಫೋನಿನ ಒಳಗ ಕುಂತು ಕೇಳ್ತಾಳಲ್ಲ, ಆಕಿ ಯಾರು?"

"ಯಾಕ?"

"ಗಂಡನ ಹೆಸರು ಹೇಳು ಅಂತಾಳ! ಆಕಿ ಹೇಳ್ಯಾಳೇನು ತನ್ನ ಗಂಡನ ಹೆಸರು? ಮಾತು ಕೇಳಿದ್ರ ನಮ್ಮ ಕಡಿಯಾಕಿನೇ ಇದ್ದಂಗ ಅದಾಳ, ನಡತಿ ಮಾತ್ರ ಗೊತ್ತಿಲ್ಲ. ನಮ್ಮ ಸೊಸಿಗಿ ಕೊಟ್ರ ಆಕಿನೂ ಮಾವನ ಹೆಸರು ಹೇಳಂಗಿಲ್ಲ. ಹಗಲಿನಾಗ ನಾವಿಬ್ರೇ. ಈ ಕೂಸು ಸಾಲಿಯಿಂದ ಬರೂತನಕ ಆ ಫೋನು ಮೂಲ್ಯಾಗ ಬಿದ್ದಿರ್ತದ."

"ಆಕಿಗಿ ತಿಳೀಲಿಲ್ಲ ಕಾಣ್ತದ" ಎಂದೆ.

"ಮತ್ಯಾರ್ಯಾರೆ ತಿಳಿಸಿ ಹೇಳಬಾರ್ದಾ?" ಎಂದು ಆಕೆ ಚೊಂಬು ಇಸಿದುಕೊಂಡಳು.

ತಿರುಗಿ ಬರುವಾಗ ಜೀಪಿನಲ್ಲಿ ನಿಮ್ಮವ್ವ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಹೊಲಗಳಲ್ಲಿ ತೊಗರಿ ಕಾಯಿ ಕಟ್ಟಿತ್ತು. ಹೋದ ಮನೆಗಳಲ್ಲೆಲ್ಲ ಮಕ್ಕಳಿದ್ದರು, ಭಾನುವಾರವಾಗಿತ್ತು. ಎಲ್ಲ ಮನೆಗಳಲ್ಲೂ ಫೋನು ಸರಿಯಾಗಿ ನಡೆದಿತ್ತು. ಅದೇ ಅವಳಿಗೆ ಕೇಡಾಯಿತು. ಫೋನಿಗೆ ಮಾತು ತಿಳಿಯುತ್ತದೆ ಎಂದ ಮೇಲೆ, ಹೆಂಗಸರಿಗೆ ಕನ್ನಡ ಬೇಕಿಲ್ಲ ಎಂಬುದೊಂದೇ ಉಳಿಯಿತು. ಮಾಲಕರು ಸೋಮವಾರ ನಿರ್ಧಾರ ಮಾಡಿದರು. ಗುರುವಾರದಿಂದ ಕನ್ನಡ ಬಂದ್.

ಬುಧವಾರ ನನ್ನನ್ನು ಕರೆಸಿದರು. ಕನ್ನಡ ಒತ್ತಿದವರಿಗೆ ಸುದ್ದಿ ತಿಳಿಸುವ ಒಂದು ವಾಕ್ಯ ಬೇಕಿತ್ತು, ಅದೂ ಅದೇ ದನಿಯಲ್ಲಿ. ಮೆಟ್ಟಿಲು ಹತ್ತುವಾಗ ನಿಮ್ಮವ್ವ ಕೈ ಹಿಡಿದುಕೊಂಡಳು.

"ಒಂದೇ ಮಾತದ ಅತ್ತಿ. ಹೇಳಿ ಮುಗಿಸಿಬಿಡ್ರಿ."

ಕೌದಿಗಳ ನಡುವೆ ಕುಳಿತೆ. ಕಾಗದದಲ್ಲಿ ಅವಳ ಕೈಬರಹ: "ಇನ್ನ ಮುಂದ ಇಲ್ಲಿ ಕನ್ನಡ ಇರಂಗಿಲ್ರಿ. ತೆಲುಗು ಒತ್ರಿ." ಆ ಮಾತನ್ನೂ ಅವಳಿಂದಲೇ ಬರೆಸಿದ್ದರು. ಹಸಿರು ದೀಪ ಹತ್ತಿತು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ದೀಪ ಆರಿತು, ಮತ್ತೆ ಹತ್ತಿತು. ಎರಡನೆಯ ಸಲವೂ ಬರಲಿಲ್ಲ.

"ಮೈಕು ಕೆಟ್ಟದೇನೋ" ಎಂದು ಹೊರಗೆ ಇಂಜಿನಿಯರು ಹೇಳಿದ.

"ಮೈಕು ಸರಿ ಅದ" ಎಂದೆ. ಅದು ಹೊರಗಿದ್ದ ಸ್ಪೀಕರ್ ಪೆಟ್ಟಿಗೆಯಲ್ಲಿ ಎಲ್ಲರಿಗೂ ಕೇಳಿಸಿತಂತೆ. "ಮೈಕೂ ಸರಿ ಅದ, ಫೋನೂ ಸರಿ ಅದ. ಸುಳ್ಳು ಹೇಳಿದಾಕಿ ನಾನು."

ಬಾಗಿಲು ತೆರೆದು ನಿಮ್ಮವ್ವ ಬಂದಳು, ಅವಳ ಹಿಂದೆ ಮಾಲಕರು, ಇಂಜಿನಿಯರು. ಮೂವರೂ ಬಾಗಿಲಲ್ಲಿ ನಿಂತರು. ನಾನು ಸೆರಗು ಎಳೆದುಕೊಂಡು ಗೋಡೆಯ ಕೌದಿಯನ್ನೇ ನೋಡುತ್ತ ಹೇಳಿದೆ. ಯಾರ ಮುಖ ನೋಡಿದ್ದರೂ ಮಾತು ನಿಂತುಹೋಗುತ್ತಿತ್ತು. ಆ ದಿನ ಯಾರು ಹೆಸರು ಹೇಳಿದರು ಎಂದು ಹೇಳಿದೆ. ಬಶೀರಾಬಾದ್ ಕಡೆಯ ಆಕೆ ನನಗೆ ಏನಂದಳು ಎಂದೂ ಹೇಳಿದೆ. "ಮಕ್ಕಳು ಸಾಲಿಯಿಂದ ಬಂದ ಮ್ಯಾಲ ಮೂರನೇ ಕಂಬ ಏಳ್ತದ್ರಿ. ಗಂಡಸರು ಬಂದ ಮ್ಯಾಲ ಅಲ್ಲ."

ಮಾಲಕರು ತಮ್ಮ ಫೋನು ತೆಗೆದು, ಆ ಹಂತದ ತನಕ ಒತ್ತಿ ನನ್ನ ಕೈಗೆ ಕೊಟ್ಟರು. "ಈಗ ಹೇಳ್ರಿ ಅಮ್ಮಾ. ಒಮ್ಮೆ ಹೇಳಿ ತೋರಿಸ್ರಿ. ಹೆಸರಿನಾಗ ಏನದ?"

ಫೋನಿನಲ್ಲಿ ನನ್ನ ದನಿ ಆ ಹೆಸರು ಕೇಳಿತು. ಅವರು ಪರೀಕ್ಷೆ ಮಾಡುತ್ತಿದ್ದರೋ, ನಿಜಕ್ಕೂ ಹೇಳುತ್ತೇನೆಂದು ತಿಳಿದಿದ್ದರೋ ನನಗೆ ಗೊತ್ತಿಲ್ಲ. ನಾನು ಫೋನು ಹಿಡಿದು ಕುಳಿತೆ. ಕೆಳಗಿನ ಅಂಗಡಿಯಲ್ಲಿ ಗೊಬ್ಬರದ ಚೀಲ ಧೊಪ್ಪನೆ ಇಳಿಸುವುದು ಕೇಳಿಸಿತು. "ಕೇಳಿಸ್ಲಿಲ್ರಿ" ಎಂದಿತು ಫೋನು. ಮತ್ತೆ ಕಾಯಿತು. ಕಡೆಗೆ ತಾನೇ ಮುಚ್ಚಿಕೊಂಡಿತು.

"ಇದು ಒಬ್ಬರ ಮಾತಾತು" ಎಂದರು ಮಾಲಕರು. "ಒಬ್ಬರ ಮಾತಿನ ಮ್ಯಾಲ ನಾ ಕಂಪನಿ ನಡಸಂಗಿಲ್ಲ. ಮೊದಲೂ ಇವರೊಬ್ಬರ ಮಾತಿನ ಮ್ಯಾಲೇ ನೀ ಬರದಿದ್ದಿ."

ಈ ಮಾತು ನಿಮ್ಮವ್ವನಿಗೆ. ಅವಳ ಮುಖ ಬಿಳಚಿತು. ನನ್ನ ಕಡೆ ನೋಡಲಿಲ್ಲ. "ಐದು ನಿಮಿಷ ಕೊಡ್ರಿ ಸರ್" ಎಂದಳು.

"ಏನ್ ಮಾಡ್ತಿ?"

"ಅತ್ತಿ ಹೇಳೋದು ಖರೇ ಇದ್ರ, ಸಾಲಿಗಿ ರಜಾ ಇದ್ದಾಗ ಹಗಲಿನಾಗೂ ಮೂರನೇ ಕಂಬ ಏಳಬೇಕು. ಗಂಡಸರು ಆವಾಗೂ ಹೊಲದಾಗೇ ಇರ್ತಾರ, ಸೋಯಾ ರಾಶಿ ಇತ್ತು. ದಸರಾ ರಜಾ ಬ್ಯಾರೆ ತಗದು ನೋಡ್ತೀನಿ. ನಾ ಇಲ್ಲಿತನಕ ದಿನಾ ಎಲ್ಲಾ ಕೂಡಿಸಿ ನೋಡೀನಿ. ಅದು ನನ್ನ ತಪ್ಪು."

"ಹಬ್ಬದ ದಿನ ಬಿಡಬೇಕು. ಆವಾಗ ಗಂಡಸರೂ ಮನ್ಯಾಗ ಇರ್ತಾರ" ಎಂದರು ಮಾಲಕರು.

"ಬಿಡ್ತೀನ್ರಿ."

ಅವಳು ಹೊರಗಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತಳು, ನಾವೆಲ್ಲ ಹಿಂದೆ ನಿಂತೆವು. ಆ ಐದು ನಿಮಿಷ ನಾನು ಹೇಗೆ ಕಳೆದೆನೋ. ಅವಳ ಬೆರಳುಗಳು ತಪ್ಪು ಒತ್ತಿ, ಅಳಿಸಿ, ಮತ್ತೆ ಒತ್ತಿದವು. ನಾನು ಹೇಳಿದ್ದು ನನ್ನ ಮನೆಯ, ಒಂದು ಹಳ್ಳಿಯ ಮಾತು. ಉಳಿದ ಊರುಗಳಲ್ಲಿ ಬೇರೆ ಕಾರಣ ಇದ್ದರೆ? ಅವಳ ಕುರ್ಚಿ ಹೋಗುವುದಲ್ಲದೆ, ಸುಳ್ಳು ಟೆಸ್ಟು ಮಾಡಿದಳೆಂಬ ಮಾತೂ ಸೇರಿ ಹೋಗುತ್ತಿತ್ತು. ಬಾಯಿ ಬಿಟ್ಟದ್ದೇ ತಪ್ಪಾಯಿತೇ ಎಂದು ಅನ್ನಿಸತೊಡಗಿತು.

ಪರದೆಯ ಮೇಲೆ ಕಂಬಗಳು ಒಂದೊಂದಾಗಿ ಎದ್ದವು. ನನಗೆ ಕಣ್ಣು ಮಂಜಾಗಿ ಕಾಣಲಿಲ್ಲ. ಇಂಜಿನಿಯರು "ಅರೇ" ಎಂದ. ಅಷ್ಟೇ ಕೇಳಿಸಿತು. ಆಮೇಲೆ ಬಗ್ಗಿ ನೋಡಿದೆ. ರಜೆಯ ದಿನಗಳಲ್ಲಿ ಮುಂಜಾನೆ ಹತ್ತಕ್ಕೆ, ಹನ್ನೊಂದಕ್ಕೆ, ಮಧ್ಯಾಹ್ನಕ್ಕೆ ಮೂರನೆಯ ಕಂಬ ಎರಡನೆಯದರ ಭುಜಕ್ಕೆ ಭುಜ ಕೊಟ್ಟು ನಿಂತಿತ್ತು. ಶಾಲೆ ತೆರೆದ ಸೋಮವಾರದಿಂದ ಮತ್ತೆ ಕುಸಿದಿತ್ತು.

ಮಾಲಕರು ಕುರ್ಚಿ ಎಳೆದುಕೊಂಡು ಕುಳಿತರು. "ಮತ್ತ ತೆಲುಗಿನ ಹೆಂಗಸರು ಯಾಕ ಆ ಹಂತದಾಗ ನಿಂದ್ರಂಗಿಲ್ಲ? ಅವರೂ ಹೆಸರು ಹೇಳದವರೇ."

"ಅಲ್ಲಿ ಬರೀತಾರ ಸರ್" ಎಂದಳು ನಿಮ್ಮವ್ವ ಮೆಲ್ಲಗೆ. "ಬಾಯಿಲೆ ಹೇಳೋದು ಕನ್ನಡದಾಗ ಮಾತ್ರ. ಅವರಿಗಿ ಸಲೀಸ್ ಆಗ್ಲಿ ಅಂತ ನಾವೇ ಮಾಡಿದ್ದು."

"ಯಜಮಾನನ ಹೆಸರು ಇಲ್ಲದೇ ಮಷೀನು ಕಳಸಾಕ ಬರಂಗಿಲ್ಲ. ಹೆಂಗ ಕೇಳ್ಬೇಕು ಹಂಗಾರ?"

ಈ ಸಲ ಅವರು ನನ್ನ ಕಡೆ ತಿರುಗಿದ್ದರು. "ಕೇಳಬ್ಯಾಡ್ರಿ" ಎಂದೆ. "ಪುಸ್ತಕ ತೋರಿಸು ಅನ್ರಿ. ಬ್ಯಾಂಕಿನಾಗ, ದವಾಖಾನ್ಯಾಗ, ರೇಷನ್ ಅಂಗಡ್ಯಾಗ ನಾವು ಹಂಗೇ ಮಾಡ್ತೀವಿ. ಪುಸ್ತಕ ತಗದು ಹೆಸರಿನ ಕೆಳಗ ಬೆರಳು ಇಡ್ತೀವಿ. ಓದೋರು ಓದಿಕೋತಾರ."

ಇಂಜಿನಿಯರು ತಲೆ ಕೆರೆದುಕೊಂಡ. "ಮೊದಲ ಪುಟದ ಫೋಟೋ ತಗದ್ರ ಆತು. ಒಂದು ವಾರದ ಕೆಲಸ. ಇಷ್ಟು ದಿನ ನಾ ಮೈಕಿನ ಜೋಡಿ ಜಗಳ ಆಡ್ಲಿಕತ್ತಿದ್ದೆ."

ತೊಗರಿ ರಾಶಿ ಮುಗಿಯುವ ತನಕ ಕನ್ನಡ ಇರಲಿ ಎಂದರು ಮಾಲಕರು. ಆದರೆ ನಿಮ್ಮವ್ವ ಎದ್ದು ಹೊರಡುವಾಗ ನಿಲ್ಲಿಸಿ, "ಟೆಸ್ಟಿನ ಕಾಗದದಾಗ ಆ ಸಾಲು ತಿದ್ದು. ಕಂಪನಿ ಒಂದು ಸುಗ್ಗಿ ಪೂರಾ ಆ ಸಾಲು ನಂಬಿತ್ತು" ಎಂದರು. ಅವಳು ಎಲ್ಲರ ಮುಂದೆ ಆ ಸಾಲಿನ ಮೇಲೆ ಗೆರೆ ಎಳೆದಳು. ಬದಿಗೆ "ಟೆಸ್ಟು ತಪ್ಪು, ಮಗು ಹೇಳಿದ್ದು" ಎಂದು ಬರೆದಳು. ಅತ್ತೆ ಸುಳ್ಳು ಹೇಳಿದರು ಎಂದು ಬರೆಯಲಿಲ್ಲ.

ಆಟೋದಲ್ಲಿ ಮನೆಗೆ ಬಂದೆವು. ಎರಡು ದಿನ ಅವಳ ಮಾತು ಊಟಕ್ಕ ಬರ್ರಿ, ಗುಳಿಗಿ ತಗೋರಿ ಎಂಬುದಷ್ಟೇ. ಅವಳ ಸಿಟ್ಟು ಸರಿಯಾಗಿಯೇ ಇತ್ತು. ಮೂರನೆಯ ದಿನ ನಾನು ಜೋಳ ಕೇರುತ್ತಿದ್ದಾಗ ಬಂದು ಎದುರಿಗೆ ಕುಳಿತಳು.

"ಒಂದು ಮಾತು ಕೇಳ್ಲಾ ಅತ್ತಿ?"

"ಕೇಳು."

"ನಾ ಈ ಮನಿಗಿ ಬಂದಾಗಿಂದ ಮಾವನವರ ಹೆಸರು ಎಂದಾರೆ ಹೇಳಿದ್ದು ನೀವು ಕೇಳೀರೇನು?"

ನೆನಪು ಮಾಡಿಕೊಂಡೆ. ಇಲ್ಲ, ಕೇಳಿರಲಿಲ್ಲ.

"ಯಾರೂ ಹೇಳಬ್ಯಾಡ ಅಂದಿಲ್ಲ. ನಿನ್ನಿ ಒಬ್ಬಾಕಿನೇ ಕುಂತು ಹೇಳಾಕ ನೋಡಿದೆ. ಬಾಯಿಗಿ ಬರ್ಲಿಲ್ಲ. ನಾ ಬ್ಯಾರೆಯವರ ಹೆಜ್ಜಿ ಎಣಿಸ್ತೀನಿ, ನೋಡ್ರಿ." ಜೋಳದಲ್ಲಿದ್ದ ಒಂದು ಹರಳನ್ನು ಆರಿಸಿ ಅಂಗಳಕ್ಕೆ ಎಸೆದಳು. "ನಿಮ್ಮ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ಲ. ಮತ್ತೊಮ್ಮೆ 'ಏನೂ ಇಲ್ಲ' ಅಂದ್ರ ನಾ ಕೇಳಂಗಿಲ್ಲ."

ಮರುವಾರ ಕೌದಿಗಳ ನಡುವೆ ಕುಳಿತು ಹೊಸ ವಾಕ್ಯ ಹೇಳಿದೆ: "ಪಾಸ್‌ಬುಕ್ಕಿನ ಮೊದಲ ಪುಟ ಫೋನಿಗಿ ತೋರಿಸ್ರಿ." ಒಂದೇ ಸಲಕ್ಕೆ ಬಂತು. ತೊಗರಿ ರಾಶಿಯ ಕಂಬಗಳ ಕಾಗದವನ್ನು ನಿಮ್ಮವ್ವ ತಂದು ತೋರಿಸಿದಳು. ಮೂರನೆಯ ಕಂಬ ನಿಂತಿತ್ತು. ತೆಲುಗಿನಷ್ಟು ಎತ್ತರವಲ್ಲ, ಆದರೆ ನಿಂತಿತ್ತು. ಉಳಿದ ಕುಂದು ಎಲ್ಲಿಂದ ಬಂತು ಎಂದು ಅವಳು ಈಗಲೂ ಹುಡುಕುತ್ತಿದ್ದಾಳೆ. ಅವಳ ಕುರ್ಚಿ ಅಲ್ಲೇ ಇದೆ.

ಅಂದಿನಿಂದ ಆಫೀಸಿನಲ್ಲಿ ಏನು ಹೊಸದು ಮಾಡಿದರೂ ಅವಳು ಮೊದಲು ನನ್ನ ಕೈಗೆ ಕೊಡುತ್ತಾಳೆ. ಅಡುಗೆಮನೆಗೆ ಹೋಗುವುದಿಲ್ಲ, ಎದುರಿಗೇ ಕುಳಿತು ನನ್ನ ಬಾಯಿ ನೋಡುತ್ತಾಳೆ. ಅದಕ್ಕೂ ಮೊದಲು ನಿಮ್ಮನ್ನು ಹೊರಗೆ ಕಳಿಸಿ ಬಾಗಿಲು ಹಾಕುತ್ತಾಳೆ. ನೀವು ತಪ್ಪು ಮಾಡಿದ್ದಕ್ಕಲ್ಲ. ನನಗೆ ಬಾರದ್ದನ್ನು ನೀವು ಹೇಳಿಬಿಡುತ್ತೀರಿ, ಅದಕ್ಕೆ.